ಒಂದು ದಿನದ ಅತಿಥಿ, ಐದು ಗರ್ಭಗುಡಿ



ಇಟಲಿಯ ವೆನಿಸ್ ನಗರ 2024ರ ಏಪ್ರಿಲ್ 25ರಂದು ಹೊಸದೊಂದು ಸುಂಕ ಹಾಕಿತು. ಬೆಳಿಗ್ಗೆ ಬಂದು ರಾತ್ರಿ ತಂಗದೆ ಮರಳುವ ಪ್ರವಾಸಿಯು ಗೊತ್ತುಪಡಿಸಿದ ದಿನಗಳಲ್ಲಿ ಊರೊಳಗೆ ಕಾಲಿಡಲು ಆ ವರ್ಷ ಐದು ಯೂರೊ ತೆರಬೇಕಿತ್ತು. ಅಂದಿನ ಲೆಕ್ಕದಲ್ಲಿ ಅದು ಸುಮಾರು 450 ರೂಪಾಯಿ. ರಾತ್ರಿ ಹೋಟೆಲಿನಲ್ಲಿ ತಂಗುವವರಿಗೆ ಈ ಸುಂಕವಿಲ್ಲ. ಒಂದು ದಿನದ ಅತಿಥಿ ಬುತ್ತಿ ಕಟ್ಟಿಕೊಂಡು ಬರುತ್ತಾನೆ, ಸೇತುವೆ ಮೇಲೆ ನಿಂತು ಫೋಟೊ ತೆಗೆಯುತ್ತಾನೆ, ಸಂಜೆಗೆ ಹೊರಡುತ್ತಾನೆ. ಊರಿಗೆ ಉಳಿಯುವುದು ಅವನ ಕಸ ಮಾತ್ರ ಎಂಬುದು ಅಲ್ಲಿಯವರ ದೂರು. ಕಾಲುವೆಗಳ ನಡುವಿನ ಆ ಹಳೆಯ ಊರಿನಲ್ಲಿ ಈಗ ವಾಸವಾಗಿರುವವರು ಐವತ್ತು ಸಾವಿರಕ್ಕೂ ಕಡಿಮೆ.

ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಒಂದು ದಿನದ ಮಟ್ಟಿಗೆ ಊರು ನೋಡಲು ಹೊರಡುವವರು ಕರ್ನಾಟಕದಲ್ಲೂ ಇದ್ದಾರೆ. ಅವರಿಗೆ ತಕ್ಕ ಸ್ಥಳವೊಂದು ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿದೆ. ಅದು ಕಿಕ್ಕೇರಿಗೆ ಸಮೀಪದ ಗೋವಿಂದನಹಳ್ಳಿ. ವೆನಿಸ್‌ನ ಕಷ್ಟ ಜನ ಹೆಚ್ಚಾದದ್ದು. ಇಲ್ಲಿಯ ಕಷ್ಟ ಜನ ಬಾರದಿರುವುದು.

ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯವನ್ನು ವಿದ್ವಾಂಸರು ಸುಮಾರು 1238ಕ್ಕೆ, ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲಕ್ಕೆ ಸೇರಿಸುತ್ತಾರೆ. ಲೋಕ ಸುತ್ತಿದ ವೆನಿಸ್‌ನ ಮಾರ್ಕೊ ಪೋಲೊ ಹುಟ್ಟಿದ್ದು 1254ರಲ್ಲಿ. ಅಷ್ಟು ಹೊತ್ತಿಗೆ ಈ ಗುಡಿ ಎದ್ದು ನಿಂತು ಹದಿನಾರು ವರ್ಷವಾಗಿತ್ತು.

ಇದರ ಹೆಚ್ಚುಗಾರಿಕೆ ಏನು? ಹೊಯ್ಸಳ ಗುಡಿಗಳನ್ನು ಗರ್ಭಗುಡಿಗಳ ಲೆಕ್ಕದಿಂದ ಗುರುತಿಸುವುದು ವಾಡಿಕೆ. ಹಳೇಬೀಡಿನ ಹೊಯ್ಸಳೇಶ್ವರ ದ್ವಿಕೂಟ. ಸೋಮನಾಥಪುರ ಮತ್ತು ಹೊಸಹೊಳಲು ತ್ರಿಕೂಟ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಚತುಷ್ಕೂಟ. ಐದು ಕೂಟಗಳ ಗುಡಿ ಬಲು ಅಪರೂಪ. ಇಲ್ಲಿ ಐದು ಗರ್ಭಗುಡಿಗಳು ಉತ್ತರ ದಕ್ಷಿಣವಾಗಿ ಸಾಲುಗಟ್ಟಿ, ಪೂರ್ವಕ್ಕೆ ಮುಖಮಾಡಿ ನಿಂತಿವೆ. ಐದಕ್ಕೂ ಸೇರಿ ಒಂದೇ ನೀಳ ನವರಂಗ; ಮೇಲೆ ಒಂದರ ಪಕ್ಕ ಒಂದು ಐದು ಶಿಖರ. ಲಿಂಗಗಳಿಗೆ ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ ಎಂಬ ಶಿವನ ಐದು ಮುಖಗಳ ಹೆಸರು. ಮೊದಲು ಕಟ್ಟಿದ್ದು ನಾಲ್ಕೇ, ಐದನೆಯದು ಆಮೇಲೆ ಸೇರಿದ್ದು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಗುಡಿಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ ಗೋಡೆಗಳನ್ನು ಹೋಲಿಸಿ ನೋಡುವವರು ಈ ಮಾತನ್ನು ತಾವೇ ತೂಗಿ ನೋಡಬಹುದು.

ನುಗ್ಗೇಹಳ್ಳಿಯಲ್ಲೂ 1268ರ ಸೋಮನಾಥಪುರದಲ್ಲೂ ಉಳಿ ಹಿಡಿದ ರೂವಾರಿ ಮಲ್ಲಿತಮ್ಮ ಇಲ್ಲಿಯೂ ಕೆಲಸ ಮಾಡಿದ್ದಾನೆ. ಆದರೆ ಅದೃಷ್ಟ ಬೇರೆ ಬೇರೆ. ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ಶಿಲ್ಪಿ ದುಡಿದ ಗೋವಿಂದನಹಳ್ಳಿಯ ಹೆಸರು ಪಕ್ಕದ ತಾಲ್ಲೂಕಿನವರಿಗೂ ತಟ್ಟನೆ ನೆನಪಾಗದು.

ಹೋಗಿಬರುವ ಖರ್ಚು ಕೈ ಕಚ್ಚುವಂಥದಲ್ಲ. ಮೈಸೂರಿನಿಂದ ಕೃಷ್ಣರಾಜಪೇಟೆಗೆ, ಅಲ್ಲಿಂದ ಕಿಕ್ಕೇರಿಗೆ ಸರ್ಕಾರಿ ಬಸ್ಸುಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಆ ಖರ್ಚೂ ಇಲ್ಲ. ಕಿಕ್ಕೇರಿಯಲ್ಲಿ ಇಳಿದವರು 1171ರ ಬ್ರಹ್ಮೇಶ್ವರ ಗುಡಿಯನ್ನು ನೋಡದೆ ಮುಂದೆ ಹೋಗಬಾರದು. ‘ಮೈಸೂರು ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರೂ ಅದೇ. ಅಲ್ಲಿಂದ ಮುಂದೆ ಆಟೊ ಹಿಡಿಯುವುದಾದರೆ ನಾಲ್ವರು ಸೇರಿ ಹಂಚಿಕೊಂಡರೆ ಹಗುರ. ಮರಳುವ ಬಸ್ಸಿನ ಹೊತ್ತನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ. ಗುಡಿ ಪೂರ್ವಾಭಿಮುಖವಾದ್ದರಿಂದ ಮುಂಭಾಗಕ್ಕೆ ಬೆಳಗಿನ ಬಿಸಿಲು ಚೆನ್ನ. ಹಿಂಗೋಡೆಯ ವಿಗ್ರಹಗಳಿಗೆ ಇಳಿಹೊತ್ತಿನ ಬಿಸಿಲು ಚೆನ್ನ. ಈ ಎರಡು ಬಿಸಿಲಿನ ನಡುವೆ ಡಬ್ಬಿಯ ಚಿತ್ರಾನ್ನ, ಮೊಸರನ್ನಕ್ಕೆ ಬೇಕಾದಷ್ಟು ಸಮಯವಿದೆ.

ಆದರೆ ವೆನಿಸ್‌ನವರ ದೂರನ್ನು ಇಲ್ಲಿ ನೆನೆಯಬೇಕು. ಬುತ್ತಿ ತಂದು, ಉಂಡು, ಎಲೆ ಮತ್ತು ಪ್ಲಾಸ್ಟಿಕ್ಕನ್ನು ಜಗತಿಯ ಮೂಲೆಗೆ ಎಸೆದು ಹೋಗುವವನಿಂದ ಗೋವಿಂದನಹಳ್ಳಿಗೂ ಕಸವೇ ಲಾಭ. ಅಗ್ಗದ ಪ್ರವಾಸವೆಂದರೆ ಬಿಟ್ಟಿ ಪ್ರವಾಸವಲ್ಲ. ಉಳಿದ ಬಸ್ ಚಾರ್ಜಿನಲ್ಲಿ ಒಂದು ಪಾಲು ಊರ ಅಂಗಡಿಯ ಚಹಾಕ್ಕೆ, ಎಳನೀರಿಗೆ, ದೇವರ ಮುಂದಿನ ಕಾಯಿ ಕರ್ಪೂರಕ್ಕೆ ಸಲ್ಲಬೇಕು. ಬಾಗಿಲಿಗೆ ಬೀಗವಿದ್ದರೆ ಊರ ಹಿರಿಯರನ್ನು ಕೇಳಿ, ಬಂದು ತೆರೆದವರಿಗೆ ಕೈಮುಗಿದು ಹೊರಡಬೇಕು.

ಹೊಯ್ಸಳರ ಕಾಲದಲ್ಲಿ ಗುಡಿಯನ್ನು ಕಟ್ಟಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ದೀಪಕ್ಕೆ, ನೈವೇದ್ಯಕ್ಕೆ, ಜೀರ್ಣೋದ್ಧಾರಕ್ಕೆಂದು ಭೂಮಿ ಬಿಡುತ್ತಿದ್ದರು. ನಾಡಿನ ಎಷ್ಟೋ ಶಾಸನಗಳು ಆ ಲೆಕ್ಕವನ್ನೇ ಹೇಳುತ್ತವೆ. ಕಲ್ಲು ತಾನಾಗಿ ಬಾಳದು, ಅದಕ್ಕೆ ಆದಾಯವೂ ಆಸ್ಥೆಯೂ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ಕಾನೂನಿನ ರಕ್ಷಣೆಯ ಫಲಕ ಗೋಡೆಯನ್ನು ಕಾಯಬಹುದು. ಬಂದು ನೋಡುವವರಿದ್ದರೆ ಮಾತ್ರ ಊರಿನವರಿಗೆ ಆ ಗೋಡೆ ಕಾಯಬೇಕಾದದ್ದು ಎನಿಸುತ್ತದೆ. ವೆನಿಸ್ ತನ್ನ ಅತಿಥಿಯಿಂದ ಐದು ಯೂರೊ ಕೇಳಿತು. ಗೋವಿಂದನಹಳ್ಳಿ ಕೇಳುವುದು ಒಂದು ಹಗಲು, ಒಂದಿಷ್ಟು ಚಿಲ್ಲರೆ, ಮರಳುವಾಗ ಬರಿದಾದ ಬುತ್ತಿ ಡಬ್ಬಿಯ ಜೊತೆಗೆ ತನ್ನ ಕಸವನ್ನೂ ಹೊತ್ತೊಯ್ಯುವ ಕೈ.