ಗೋಕಾಕದ ಬಾಳೆಹಣ್ಣು ಮತ್ತು ಕುಂಚದ ಮೊದಲ ಪಾಠ

ಗೋಕಾಕ ಎಂದೊಡನೆ ಕೇಳುಗರ ಬಾಯಿಗೆ ಮೊದಲು ಬರುವುದು ಕರದಂಟು, ಆಮೇಲೆ ಜಲಪಾತ. ಹೇಳಬೇಕಾದದ್ದು ಇನ್ನೊಂದಿದೆ: ಅಲ್ಲಿಯ ಜೀನಗಾರರು ಹಗುರವಾದ ಕಟ್ಟಿಗೆಯಲ್ಲಿ, ಮಣ್ಣಿನಲ್ಲಿ ಮಾಡಿ ಬಣ್ಣ ಹಚ್ಚುವ ಗೊಂಬೆ, ಹಣ್ಣು, ತರಕಾರಿಗಳು. ಜೀನು ಎಂದರೆ ಕುದುರೆಯ ತಡಿ. ತಡಿ ಮಾಡುವ ಕಸುಬಿನಿಂದ ಹೆಸರು ಪಡೆದ ಈ ಸಮುದಾಯದ ಕೈಗೆ ಕುಂಚವೂ ಒಲಿಯಿತು. ಈಗ ಈ ಕೆಲಸ ಉಳಿದಿರುವುದು ಕೆಲವೇ ಮನೆಗಳಲ್ಲಿ. ಹೊಸದಾಗಿ ಬ್ರಶ್ ಹಿಡಿಯುವ ಹುಡುಗ ಹುಡುಗಿಯರು ದುಬಾರಿ ಪುಸ್ತಕ ಕೊಳ್ಳುವ ಮೊದಲು ಅಲ್ಲಿಯ ಒಂದು ಬಾಳೆಹಣ್ಣನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ಕೆಳಗೆ ಬಿಳಿಯ ಲೇಪವಿದೆ. ಅದು ಕಟ್ಟಿಗೆಯ ರಂಧ್ರಗಳನ್ನು ಮುಚ್ಚಿ ಮೇಲಿನ ಬಣ್ಣಕ್ಕೆ ಹೊಳಪು ಕೊಡುತ್ತದೆ. ಅದರ ಮೇಲೆ ಕುಂಚದ ಗುರುತೇ ಕಾಣದಂತೆ ಹಬ್ಬಿದ ಹಳದಿ. ತೊಟ್ಟಿನ ಬಳಿ ಹಸಿರು. ಹಳದಿ ಎಲ್ಲಿ ಮುಗಿಯಿತು, ಹಸಿರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಕೊನೆಗೆ ಏಣಿನ ಮೇಲೊಂದು ಕಂದು ಗೆರೆ, ನಾಲ್ಕಾರು ಚುಕ್ಕೆ. ಹಚ್ಚುವುದು, ತುಂಬುವುದು, ಬೆರೆಸುವುದು, ಗೆರೆ ಎಳೆಯುವುದು ಎಲ್ಲವೂ ಒಂದೇ ಹಣ್ಣಿನ ಮೇಲಿವೆ. ಶಾಲೆಯ ಮಕ್ಕಳು ಸಾಮಾನ್ಯವಾಗಿ ಕೊನೆಯದರಿಂದ ಶುರುಮಾಡುತ್ತಾರೆ. ಎಲ್ಲಕ್ಕಿಂತ ಸಣ್ಣ ಬ್ರಶ್ ಕೊಂಡು ಗೆರೆಯನ್ನೇ ತಿದ್ದುತ್ತ ಕೂರುತ್ತಾರೆ. ಬಣ್ಣ ತುಂಬುವ ಹೊತ್ತಿಗೆ ತಾಳ್ಮೆ ತೀರಿರುತ್ತದೆ.

ಕುಂಚದ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿನ ಲೆಕ್ಕ. ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ಹಾಗೇ ಕಾಗದಕ್ಕೆ ತಂದರೆ ಹನಿ ಬೀಳುತ್ತದೆ. ತಟ್ಟೆಯ ಅಂಚಿಗೆ ಒಮ್ಮೆ ಒರೆಸಿ ತಂದರೆ ಬಣ್ಣ ಹೇಳಿದ ಮಾತು ಕೇಳುತ್ತದೆ. ಎರಡು ಬಣ್ಣ ಬೆರೆಯಬೇಕಾದರೆ ಮೊದಲನೆಯದು ಆರುವ ಮುನ್ನವೇ ಎರಡನೆಯದನ್ನು ಪಕ್ಕದಲ್ಲಿಟ್ಟು, ತೊಳೆದು ಹಿಂಡಿದ ಇನ್ನೊಂದು ಬ್ರಶ್ಶಿನಿಂದ ನಡುವಿನ ಅಂಚನ್ನು ಮೆಲ್ಲಗೆ ಸವರಬೇಕು. ಆ ಬ್ರಶ್ಶಿನಲ್ಲಿ ನೀರು ಹೆಚ್ಚಾಗಿದ್ದರೆ ಅದು ಬಣ್ಣವನ್ನು ಹಿಂದಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮಾಡುತ್ತದೆ. ಕಲಿಯುವವರೆಲ್ಲ ಈ ಕಲೆಯನ್ನು ಹತ್ತಾರು ಸಲ ಮಾಡಿಯೇ ಮುಂದೆ ಹೋಗುತ್ತಾರೆ, ಅದಕ್ಕೆ ಬೇಸರಪಡಬೇಕಾಗಿಲ್ಲ.

ಅಭ್ಯಾಸಕ್ಕೆ ದೂರ ಹೋಗಬೇಕೆ? ಮೊದಲು ಗೋಕಾಕ ತಾಲೂಕಿನಲ್ಲೇ ಇದ್ದು ಈಗ ತಾನೇ ತಾಲೂಕಾಗಿರುವ ಮೂಡಲಗಿಯ ಸುತ್ತ ಕಬ್ಬಿನ ಹೊಲಗಳಿವೆ. ಕಬ್ಬಿನ ಗರಿಯನ್ನು ಒಂದೇ ಎಳೆತದಲ್ಲಿ ಬರೆಯಬೇಕು: ಗುಂಡು ಬ್ರಶ್ಶಿನ ತುದಿಯನ್ನಷ್ಟೇ ತಾಗಿಸಿ ಶುರು, ನಡುವೆ ಒತ್ತಿದರೆ ಗರಿ ಅಗಲವಾಗುತ್ತದೆ, ಮೇಲೆತ್ತುತ್ತ ಬಂದರೆ ತುದಿ ಮೊನಚಾಗುತ್ತದೆ. ಕಿರುಬೆರಳು ಕಾಗದಕ್ಕೆ ಆನಿಕೊಂಡಿದ್ದರೆ ಕೈ ನಡುಗದು. ಉದ್ದದ ಗರಿಗೆ ಮಣಿಕಟ್ಟಲ್ಲ, ಇಡೀ ತೋಳು ಚಲಿಸಬೇಕು. ಇಂಥ ನೂರು ಗರಿ ಬರೆದ ಕೈಗೆ ಗೊಂಬೆಯ ಹುಬ್ಬು ಕಷ್ಟವಲ್ಲ.

ಹುಕ್ಕೇರಿಯಲ್ಲಿ ಬಿಜಾಪುರದ ಸುಲ್ತಾನರ ಕಾಲದ ಗುಮ್ಮಟಗಳಿವೆ. ಬೆಳಗಿನ ಬಿಸಿಲಲ್ಲಿ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ನೆರಳು, ನಡುವೆ ಗೆರೆಯಿಲ್ಲ. ಅಗಲ ಬ್ರಶ್ಶಿನಲ್ಲಿ ಗಾಢ ಬಣ್ಣದಿಂದ ಆರಂಭಿಸಿ, ಪ್ರತಿ ಎಳೆತಕ್ಕೂ ಚೂರು ನೀರು ಸೇರಿಸುತ್ತ ಹೋದರೆ ಆ ಗುಂಡನೆಯ ಮೈ ತಾನಾಗಿ ಮೂಡುತ್ತದೆ. ಕಾಗದವನ್ನು ಸ್ವಲ್ಪ ಓರೆಯಾಗಿಟ್ಟರೆ ಸಾಕು, ಅರ್ಧ ಕೆಲಸ ನೀರೇ ಮಾಡುತ್ತದೆ.

ಗೋಕಾಕದ ಜಲಪಾತವನ್ನು ಮಾತ್ರ ನೋಡದೆ ಬರೆಯಬಾರದು. ಸುಮಾರು 170 ಅಡಿ ಎತ್ತರದಿಂದ ಬೀಳುವ ಘಟಪ್ರಭೆ ಮಳೆಗಾಲದಲ್ಲಿ ಹಾಲಿನಂತಿರುವುದಿಲ್ಲ, ಕೆಮ್ಮಣ್ಣು ಕದಡಿದ ನೀರು. ಕ್ಯಾಲೆಂಡರಿನ ಜಲಪಾತ ನೋಡಿ ಬಿಳಿ ಬಳಿಯುವ ವಿದ್ಯಾರ್ಥಿ ತನ್ನೂರ ಹೊಳೆಯನ್ನೇ ನೋಡಿಲ್ಲ ಎಂದಾಯಿತು. ಇಲ್ಲಿ ಬೇಕಾದದ್ದು ಒಣ ಕುಂಚ: ದಟ್ಟ ಬಣ್ಣವನ್ನು ತೆಗೆದುಕೊಂಡು, ಬಟ್ಟೆಗೆ ಒರೆಸಿ, ಒರಟು ಕಾಗದದ ಮೇಲೆ ಮೇಲಿನಿಂದ ಕೆಳಕ್ಕೆ ಬೇಗನೆ ಎಳೆಯುವುದು. ಕಾಗದದ ಉಬ್ಬುಗಳಷ್ಟೇ ಬಣ್ಣ ಹಿಡಿದು ನೀರಿನ ತುಂತುರು ಕಾಣುತ್ತದೆ. ಕಣ್ಣೆದುರಿನದನ್ನು ನೋಡಿ ಬರೆಯುವ ಈ ಶಿಸ್ತನ್ನು ಬೆಳಗಾವಿಯ ಚಿತ್ರಮಂದಿರದಲ್ಲಿ ಕೆ.ಬಿ. ಕುಲಕರ್ಣಿಯವರು ಕಲಿಸುತ್ತಿದ್ದರು. ಖ್ಯಾತ ಚಿತ್ರಕಾರ ರವಿ ಪರಾಂಜಪೆ (1935-2022) ಅಲ್ಲಿಂದಲೇ ಬಂದವರು.

ಇನ್ನು ಬ್ರಶ್ ಕೊಳ್ಳುವ ಮಾತು. ಒಂದು ಮಧ್ಯಮ ಗಾತ್ರದ ಗುಂಡು ಬ್ರಶ್, ಒಂದು ಚಪ್ಪಟೆ ಬ್ರಶ್ ಇದ್ದರೆ ಮೊದಲ ವರ್ಷ ಕಳೆಯುತ್ತದೆ. ಅಂಗಡಿಯಲ್ಲೇ ನೀರಿಗೆ ಅದ್ದಿ ಒಮ್ಮೆ ಕೊಡವಿ ನೋಡಬೇಕು. ಕೂದಲು ಕೂಡಿಕೊಂಡು ಮೊನಚಾದರೆ ಒಳ್ಳೆಯದು, ಕವಲೊಡೆದರೆ ಬೇಡ. ಒಂಟೆಕೂದಲಿನ ಬ್ರಶ್ ಎಂದು ಮಾರುವುದರಲ್ಲಿ ಒಂಟೆಯ ಕೂದಲಿರುವುದಿಲ್ಲ, ಹೆಚ್ಚಾಗಿ ಅಳಿಲಿನದೋ ಕುದುರೆಯದೋ ಇರುತ್ತದೆ. ಈ ಸುಳ್ಳಿನಿಂದ ಯಾರಿಗೂ ದೊಡ್ಡ ನಷ್ಟವಿಲ್ಲ. ಮುಂಗುಸಿಯ ಕಥೆ ಹಾಗಲ್ಲ. ಅದರ ಕೂದಲಿನ ಬ್ರಶ್ ಒಂದು ಕಾಲಕ್ಕೆ ನಮ್ಮ ದೇಶದ ಕಲಾವಿದರಿಗೆ ಬಲು ಮೆಚ್ಚಿನದಾಗಿತ್ತು, ಆದರೆ ಆ ಕೂದಲು ಸಿಗುವುದು ಪ್ರಾಣಿಯನ್ನು ಕೊಂದ ಮೇಲೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಮುಂಗುಸಿಯನ್ನು ಹಿಡಿಯುವುದೂ ಅದರ ಕೂದಲನ್ನು ಮಾರುವುದೂ ಅಪರಾಧ. ಆದರೂ ಕಳ್ಳ ವ್ಯಾಪಾರ ನಿಂತಿಲ್ಲ. ಇಂದಿನ ಕೃತಕ ನೂಲಿನ ಬ್ರಶ್ಶುಗಳು ಕಲಿಯುವವರಿಗೆ ಧಾರಾಳವಾಗಿ ಸಾಕು, ಬೆಲೆಯೂ ಕಡಿಮೆ.

ಕೊಂಡ ಬ್ರಶ್ ಎಷ್ಟು ದಿನ ಬಾಳುತ್ತದೆ ಎಂಬುದು ತೊಳೆಯುವುದರ ಮೇಲಿದೆ. ಹಿಡಿಯ ತಗಡಿನವರೆಗೆ ಬಣ್ಣದಲ್ಲಿ ಅದ್ದಿದರೆ ಬಣ್ಣ ಬುಡದಲ್ಲಿ ಗಟ್ಟಿಯಾಗಿ ಕೂದಲು ಪೊರಕೆಯಂತೆ ಹರಡಿಕೊಳ್ಳುತ್ತದೆ. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಒಂದೇ ರಾತ್ರಿಯಲ್ಲಿ ತುದಿ ಬಾಗುತ್ತದೆ, ಹಿಡಿಯ ಕಟ್ಟಿಗೆ ಉಬ್ಬುತ್ತದೆ. ತಣ್ಣೀರಿನಲ್ಲಿ ಸಾಬೂನು ಹಚ್ಚಿ, ಅಂಗೈ ಮೇಲೆ ಮೆಲ್ಲಗೆ ತಿರುವಿ ತೊಳೆದು, ಬೆರಳಿನಿಂದ ತುದಿ ಕೂಡಿಸಿ, ಅಡ್ಡಲಾಗಿ ಮಲಗಿಸಿ ಒಣಗಿಸಬೇಕು. ಬೆಳಿಗ್ಗೆ ಆ ತುದಿ ಇನ್ನೂ ಮೊನಚಾಗಿದ್ದರೆ, ಬಾಳೆಹಣ್ಣಿನ ಕೊನೆಯ ಕಂದು ಗೆರೆಯನ್ನು ಅದರಿಂದಲೇ ಎಳೆಯಬಹುದು.