ಗಾಜಿನ ತೊಟ್ಟಿಯಲ್ಲಿ ಬೆಳೆದ ಹವಳ

ಜೀವಂತ ಹವಳಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿ ಬೆಳೆಸುವ ಹವ್ಯಾಸಕ್ಕೆ ರೀಫ್ ಅಕ್ವೇರಿಯಂ ಎಂದು ಹೆಸರು. ಸಾಮಾನ್ಯ ಮೀನಿನ ತೊಟ್ಟಿಯಲ್ಲಿ ಮೀನೇ ಮುಖ್ಯ. ಇಲ್ಲಿ ಹವಳ ಮುಖ್ಯ, ಮೀನು ಅದರ ನೆರೆಯ ನಿವಾಸಿ ಮಾತ್ರ. ಹವಳ ಎಂಬುದು ಸುಣ್ಣದ ಗೂಡು ಕಟ್ಟಿಕೊಂಡು ಹೆಚ್ಚಾಗಿ ಗುಂಪಿನಲ್ಲಿ ಬದುಕುವ ಪುಟ್ಟ ಪ್ರಾಣಿ. ಅದನ್ನು ಕಡಲಿನಿಂದ ತರುವುದು ಎಂದೂ ಕಷ್ಟವಾಗಿರಲಿಲ್ಲ, ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಉಳಿಸಿಕೊಳ್ಳುವ ವಿದ್ಯೆ ಕೈಹಿಡಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ವಿದ್ಯೆಯಲ್ಲಿ ದೊಡ್ಡ ಪಾಲು ಪ್ರಯೋಗಾಲಯಗಳದ್ದಲ್ಲ, ಊರೂರಿನ ಹವ್ಯಾಸಿಗಳದ್ದು.

ಕಡಲ ಜೀವಿಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಅಭ್ಯಾಸ ಮಾಡಿದವರಲ್ಲಿ ಮೊದಲಿಗರು ಫ್ರಾನ್ಸಿನ ಜೀನ್ ವಿಲ್‌ಪ್ರೂ ಪವರ್. ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ನೆಲೆಸಿದ್ದ ಅವರು 1832ರ ಸುಮಾರಿಗೆ ಆರ್ಗೊನಾಟ್ ಎಂಬ ಚಿಪ್ಪುಳ್ಳ ಆಕ್ಟೋಪಸ್‌ನ ಬದುಕನ್ನು ಅರಿಯಲು ಇಂಥ ತೊಟ್ಟಿಗಳನ್ನು ಮಾಡಿಸಿಕೊಂಡರು. ಹವಳದ ಕಥೆ ಆರಂಭವಾಗುವುದು ಲಂಡನ್ನಿನ ಆ್ಯನಾ ಥಿನ್ ಎಂಬ ಮಹಿಳೆಯಿಂದ. 1846ರಲ್ಲಿ ಅವರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಟಾರ್ಕಿ ಎಂಬಲ್ಲಿ ಕೆಲವು ಹವಳಗಳನ್ನು ಕಂಡು, ದಾರಿಯಲ್ಲಿ ಅಲುಗಾಡಿ ಗಾಯವಾಗದಿರಲೆಂದು ಅವನ್ನು ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು, ಜಾಡಿಯ ಕಡಲ ನೀರಿನಲ್ಲಿಟ್ಟು ಲಂಡನ್ನಿಗೆ ತಂದರು. ನಿಂತ ನೀರು ಬೇಗ ಕೆಡುತ್ತದೆ, ಪದೇ ಪದೇ ಹೊಸ ನೀರು ತರಿಸುವುದೂ ಸಾಧ್ಯವಿರಲಿಲ್ಲ. ಹಾಗಾಗಿ ಮನೆಯ ಕೆಲಸದಾಕೆ ದಿನವೂ ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹುಯ್ಯುತ್ತಿದ್ದಳು. ಗಾಳಿ ಬೆರೆತ ನೀರಿನಲ್ಲಿ ಹವಳಗಳು ಬದುಕಿದವು. ಮರುವರ್ಷ ಥಿನ್ ಕಡಲ ಪಾಚಿ ಬೆಳೆದ ಕಲ್ಲುಗಳನ್ನೂ ತರಿಸಿ ತೊಟ್ಟಿಗೆ ಹಾಕಿದರು. ಹವಳಗಳು ಮೂರು ವರ್ಷ ಬಾಳಿ ಮರಿಯನ್ನೂ ಇಟ್ಟವು. ಜೀವವಿರುವ ಕಲ್ಲು ಮತ್ತು ಚಲಿಸುವ ನೀರು ಇಂದಿಗೂ ಈ ಹವ್ಯಾಸದ ಎರಡು ಆಧಾರಗಳು. ಹೆಸರು ಉಳಿಯದ ಆ ಕೆಲಸದಾಕೆಯ ರಟ್ಟೆಯ ಶ್ರಮಕ್ಕೂ ಈ ಚರಿತ್ರೆಯಲ್ಲಿ ಜಾಗವಿದೆ.

ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯ ಸಾರ್ವಜನಿಕರಿಗಾಗಿ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ಪ್ರಕಟಿಸಿದರು. ಅಲ್ಲಿಂದ ಮುಂದೆ ಮಧ್ಯಮ ವರ್ಗದ ಮನೆಮನೆಗೂ ಈ ಗೀಳು ಹಬ್ಬಿತು. ಜನ ಬುಟ್ಟಿ, ಉಳಿ ಹಿಡಿದು ಕಡಲತೀರಕ್ಕೆ ಹೋಗಿ ಬಂಡೆಗುಂಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಕಿತ್ತು ತಂದರು. ತಂದೆಯ ಪುಸ್ತಕಗಳಿಂದ ಹುರುಪುಗೊಂಡ ಜನ ಆ ತೀರಗಳನ್ನು ಹೇಗೆ ಬರಿದು ಮಾಡಿದರೆಂಬುದನ್ನು ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ನೋವಿನಿಂದ ದಾಖಲಿಸಿದ್ದಾರೆ. ಪ್ರೀತಿಯಿಂದ ಶುರುವಾದ ಹವ್ಯಾಸ ತಾನು ಪ್ರೀತಿಸಿದ್ದನ್ನೇ ಸೂರೆ ಮಾಡುವ ಈ ಅಪಾಯ ಮುಂದೆಯೂ ಅದರ ಬೆನ್ನು ಬಿಡಲಿಲ್ಲ.

ಭಾರತದ ಮೊದಲ ಸಾರ್ವಜನಿಕ ಕಡಲ ಮತ್ಸ್ಯಾಗಾರ 1909ರಲ್ಲಿ ಮದರಾಸಿನ ಮರೀನಾ ತೀರದಲ್ಲಿ ತೆರೆಯಿತು. ಮುಂಬಯಿಯ ತಾರಾಪೋರವಾಲಾ ಅಕ್ವೇರಿಯಂ ಬಂದದ್ದು 1951ರಲ್ಲಿ. ಇವೆರಡೂ ಮೀನಿನ ಮನೆಗಳು. ಉಷ್ಣವಲಯದ ಹವಳಗಳನ್ನು ವರ್ಷಗಟ್ಟಲೆ ಜೀವಂತವಾಗಿಡುವ ವಿದ್ಯೆ ಆಗಿನ್ನೂ ಬೆಳೆದಿರಲಿಲ್ಲ.

ಕಾರಣ ಹವಳದ ಒಡಲಿನಲ್ಲೇ ಇತ್ತು. ಥಿನ್ ಸಾಕಿದ್ದು ತಣ್ಣೀರಿನ ಜಾತಿ, ಅದಕ್ಕೆ ಬೆಳಕಿನ ಹಂಗಿಲ್ಲ. ದಿಬ್ಬ ಕಟ್ಟುವ ಉಷ್ಣವಲಯದ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಕೋಶಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತವೆ. ಬೆಳಕು ಸಾಲದಿದ್ದರೆ ಹವಳ ಸೊರಗುತ್ತದೆ. ನೀರು ಬಿಸಿಯಾದರೆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಮೀನಿನ ಹೊಲಸಿನಿಂದ ನೈಟ್ರೇಟ್, ಫಾಸ್ಫೇಟ್ ಏರಿದರೆ ಬೇರೆ ಪಾಚಿಗಳು ಸೊಕ್ಕಿ ಹವಳವನ್ನು ಮುಚ್ಚುತ್ತವೆ. ಪ್ರಖರ ಬೆಳಕು ಮತ್ತು ಪೋಷಕಾಂಶ ತೀರ ಕಡಿಮೆಯಿರುವ ನೀರು ಎರಡೂ ಒಟ್ಟಿಗೆ ಬೇಕು. ನ್ಯೂ ಕ್ಯಾಲಿಡೋನಿಯಾದ ನೂಮಿಯಾದಲ್ಲಿ 1956ರಲ್ಲಿ ಅಕ್ವೇರಿಯಂ ಕಟ್ಟಿದ ರೆನೆ ಕಟಾಲಾ ಕಡಲ ನೀರನ್ನೇ ಸತತವಾಗಿ ಹಾಯಿಸಿ ಜೀವಂತ ಹವಳಗಳನ್ನು ಜನರಿಗೆ ತೋರಿಸಿದರು. ಕಡಲಿನ ಮಗ್ಗುಲಲ್ಲಿ ಇಲ್ಲದವರಿಗೆ ಆ ದಾರಿ ಇರಲಿಲ್ಲ.

ಮನೆಯ ಮಟ್ಟಿಗೆ ದಾರಿ ತೋರಿಸಿದವರು ಜಕಾರ್ತಾದ ಲೀ ಚಿನ್ ಎಂಗ್. 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅವರು ತಮ್ಮ ವಿಧಾನವನ್ನು ಬರೆದರು. ಅದರಲ್ಲಿ ದೊಡ್ಡ ಯಂತ್ರವೇನೂ ಇಲ್ಲ: ಕಡಲಿನಿಂದ ತಂದ ಜೀವವಿರುವ ಕಲ್ಲು, ಸ್ವಚ್ಛ ಕಡಲ ನೀರು, ಬಿಸಿಲು, ನಿಧಾನವಾಗಿ ಏಳುವ ಗಾಳಿಗುಳ್ಳೆ. ಹವ್ಯಾಸಿಗಳು ಲೈವ್ ರಾಕ್ ಎನ್ನುವ ಈ ಕಲ್ಲು ಸತ್ತ ಹವಳದ ರಂಧ್ರಮಯ ತುಂಡು. ಅದರ ಹೊರಪದರದ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡಿದರೆ, ಆಮ್ಲಜನಕ ತಲುಪದ ಒಳಪದರದ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ಹೆಚ್ಚಿನವರು ಆಗ ಲೀ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಬಿಳುಪಿಸಿದ ಹವಳದ ಅಸ್ಥಿಯನ್ನು ಅಲಂಕಾರಕ್ಕಿಟ್ಟು ನಾಲ್ಕು ಮೀನು ಬಿಡುವುದೇ ಆ ಕಾಲದ ರೂಢಿಯಾಗಿತ್ತು.

ಲೀ ಹೇಳಿದ್ದನ್ನು ಮುಂದಕ್ಕೆ ಒಯ್ದವರು ಜರ್ಮನ್ ಮಾತಾಡುವ ನಾಡುಗಳ ಹವ್ಯಾಸಿಗಳು. ಹವಳ ಗೂಡು ಕಟ್ಟುತ್ತ ನೀರಿನ ಕ್ಯಾಲ್ಸಿಯಂ ಮುಗಿಸುತ್ತದೆ. ಆ ಕೊರತೆ ತುಂಬಲು ಪೀಟರ್ ವಿಲ್ಕೆನ್ಸ್ 1970ರ ದಶಕದಲ್ಲಿ ಸುಣ್ಣದ ತಿಳಿನೀರನ್ನು ಬಳಕೆಗೆ ತಂದರು. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಇದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತಿಳಿ ತೀಕ್ಷ್ಣ ಕ್ಷಾರವಾದ್ದರಿಂದ ಒಮ್ಮೆಲೇ ಸುರಿಯುವಂತಿಲ್ಲ. ರಾತ್ರಿ ತೊಟ್ಟಿಯ ಕ್ಷಾರಗುಣ ತಾನಾಗಿ ಇಳಿಯುವ ಹೊತ್ತಿನಲ್ಲಿ ಹನಿಹನಿಯಾಗಿ ಬಿಡಬೇಕು. ಬರ್ಲಿನ್ನಿನ ಹವ್ಯಾಸಿಗಳ ಕೂಟ ಇದಕ್ಕೆ ಲೈವ್ ರಾಕ್, ಪ್ರಖರವಾದ ಮೆಟಲ್ ಹ್ಯಾಲೈಡ್ ದೀಪ ಮತ್ತು ಪ್ರೋಟೀನ್ ಸ್ಕಿಮ್ಮರ್ ಸೇರಿಸಿತು. ಸ್ಕಿಮ್ಮರ್ ನೀರಿನೊಳಗೆ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಕೊಳೆ ಗುಳ್ಳೆಗೆ ಅಂಟಿ, ನೊರೆಯಾಗಿ ಮೇಲೇರಿ, ಕಂದು ಬಣ್ಣದ ನಾರುವ ದ್ರವವಾಗಿ ಬಟ್ಟಲಿಗೆ ಬೀಳುತ್ತದೆ, ಕೊಳೆಯುವ ಮೊದಲೇ ತೊಟ್ಟಿಯಿಂದ ಆಚೆ ಹೋಗುತ್ತದೆ. ಇದೇ ಬರ್ಲಿನ್ ಪದ್ಧತಿ.

ಈ ಕೂಟದ ಡೀಟ್ರಿಶ್ ಸ್ಟೂಬರ್ ಅವರ ತೊಟ್ಟಿಯಲ್ಲಿ ಅಕ್ರೊಪೊರಾ ಜಾತಿಯ ಕವಲು ಹವಳವೊಂದು ಬೆಳೆದು ದೊಡ್ಡದಾಯಿತು. ಸಾಕುವುದು ಅಸಾಧ್ಯವೆಂದು ಅದುವರೆಗೆ ನಂಬಿದ್ದ ಜಾತಿ ಅದು. ಸ್ಟೂಬರ್ ಅದರ ತುಂಡುಗಳನ್ನು ಮುರಿದು, ನೆರೆಮನೆಗೆ ದಾಸವಾಳದ ಕಡ್ಡಿ ಕೊಡುವಂತೆ, ಗೆಳೆಯರಿಗೆ ಹಂಚಿದರು. ತುಂಡು ಪಡೆದವರು ಬೆಳೆಸಿ ಮತ್ತೆ ಹಂಚಿದರು. ಹಾಗೆ ಒಂದೇ ಹವಳದ ಸಂತತಿ ಯುರೋಪಿನ ಎಷ್ಟೋ ಮನೆಗಳಿಗೆ ಹೋಯಿತು. ಈ ಹವ್ಯಾಸದ ಇತಿಹಾಸದಲ್ಲಿ ದೀಪ, ಪಂಪುಗಳಿಗಿಂತ ದೊಡ್ಡ ಹೆಜ್ಜೆ ಇದು: ಹವಳ ಬೇಕೆಂದರೆ ಕಡಲಿನಿಂದಲೇ ಕೀಳಬೇಕಾಗಿಲ್ಲ ಎಂಬುದು ಮೊದಲ ಬಾರಿಗೆ ಸಾಬೀತಾಯಿತು. ಒಬ್ಬನ ತೊಟ್ಟಿ ಕೆಟ್ಟರೂ ಆ ತಳಿ ಇನ್ನೊಬ್ಬನ ಮನೆಯಲ್ಲಿ ಉಳಿಯುತ್ತದೆ. ಇಂದು ಇಂಥ ತುಂಡಿಗೆ ಫ್ರ್ಯಾಗ್ ಎಂದು ಹೆಸರು. ಮೂಳೆ ಕತ್ತರಿಸುವ ಇಕ್ಕಳದಿಂದ ಕವಲೊಂದನ್ನು ಕತ್ತರಿಸಿ, ಸೂಪರ್ ಗ್ಲೂ ಜೆಲ್‌ನಿಂದ ಪುಟ್ಟ ಬಿಲ್ಲೆಗೆ ಅಂಟಿಸುತ್ತಾರೆ. ಕೆಲವು ವಾರಗಳಲ್ಲಿ ಹವಳದ ಮಾಂಸ ಗಾಯವನ್ನು ಮುಚ್ಚಿ ಬಿಲ್ಲೆಯ ಮೇಲೆ ಹರಡುತ್ತದೆ.

ಅಮೆರಿಕಕ್ಕೆ ಈ ವಿದ್ಯೆ ಸುತ್ತುದಾರಿಯಲ್ಲಿ ಬಂತು. 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಗಳು ಅಲ್ಲಿ ‘ಮಿನಿ ರೀಫ್’ ಉತ್ಸಾಹ ಹುಟ್ಟಿಸಿದವು. ಆದರೆ ಅವು ಹೇಳಿದ ತೊಟ್ಟಿಕ್ಕುವ ಶೋಧಕಗಳು ನೈಟ್ರೇಟ್ ಉತ್ಪಾದಿಸುತ್ತಿದ್ದವೇ ಹೊರತು ಕಳೆಯುತ್ತಿರಲಿಲ್ಲ. ಉತ್ತರ ಅಮೆರಿಕದ ಹವ್ಯಾಸಿ ಸಂಘಗಳ ವಾರ್ಷಿಕ ಸಮ್ಮೇಳನ 1989ರಲ್ಲಿ ಟೊರಾಂಟೊದಲ್ಲಿ ಆರಂಭವಾಯಿತು. 1994ರಲ್ಲಿ ಚಾರ್ಲ್ಸ್ ಡೆಲ್‌ಬೀಕ್ ಮತ್ತು ಜೂಲಿಯನ್ ಸ್ಪ್ರಂಗ್ ಅವರ ‘ದಿ ರೀಫ್ ಅಕ್ವೇರಿಯಂ’ ಮೊದಲ ಸಂಪುಟ ಬಂದ ಮೇಲೆ ಬರ್ಲಿನ್ ಪದ್ಧತಿ ಅಲ್ಲಿಯೂ ನೆಲೆಯೂರಿತು. ಮುಂದೆ ಎಲ್‌ಇಡಿ ದೀಪಗಳು ಬಂದು ಶಾಖವನ್ನೂ ವಿದ್ಯುತ್ ಖರ್ಚನ್ನೂ ಇಳಿಸಿದವು.

ಈ ಹವ್ಯಾಸದ ಇನ್ನೊಂದು ಮುಖವನ್ನು ಮರೆಮಾಚುವಂತಿಲ್ಲ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಅಲಂಕಾರದ ಮೀನುಗಳನ್ನು ಸಯನೈಡ್ ಚಿಮುಕಿಸಿ, ಮಂಪರು ಬರಿಸಿ ಹಿಡಿದರು. ಆ ವಿಷ ಹವಳಗಳನ್ನೂ ಕೊಂದಿತು. 1990ರ ಹೊತ್ತಿಗೆ ಗಟ್ಟಿ ಹವಳಗಳೆಲ್ಲವೂ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿ, ಅವುಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾಯಿತು. ಭಾರತ ಇನ್ನೂ ಬಿಗಿಯಾದ ನಿಲುವು ತಳೆದು, 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ, ಆನೆಗಳಿರುವ ಪಟ್ಟಿಯದು. ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಹವಳದ ಒಂದು ಚೂರು ಕಿತ್ತರೂ ಅಪರಾಧ. ನಮ್ಮ ಕಡಲ ಹವಳ ಕಡಲಿನಲ್ಲೇ ಇರಬೇಕೆಂಬ ಈ ನಿಯಮ ಸರಿಯಾದದ್ದೇ.

ಕೆಲವು ಮೀನುಗಳ ವಿಷಯದಲ್ಲಿ ಕಡಲಿನ ಮೇಲಿನ ಹೊರೆ ಕಡಿಮೆಯಾಗಿದೆ. ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ಉದ್ಯಮವನ್ನು ಫ್ಲಾರಿಡಾದ ಮಾರ್ಟಿನ್ ಮೋ 1970ರ ದಶಕದಲ್ಲಿ ಆರಂಭಿಸಿದರು. ಮೊಟ್ಟೆಗಳು ಸುಮಾರು ಒಂದು ವಾರದಲ್ಲಿ, ಕತ್ತಲಾದ ಮೇಲೆ ಒಡೆಯುತ್ತವೆ. ಮರಿಯ ಬಾಯಿ ಎಷ್ಟು ಕಿರಿದೆಂದರೆ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿಯನ್ನೇ ಸಾಕಿ ಉಣಿಸಬೇಕು. ಭಾರತದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಉತ್ಪಾದನೆಯನ್ನು ಸಾಧಿಸಿದೆ. ಹಾಗೆ ಬೆಳೆದ ಮೀನನ್ನು ಬೆಂಗಳೂರಿನಂಥ ಒಳನಾಡಿನ ಊರಿನಲ್ಲೂ ಸಾಕಬಹುದು. ಆರ್‌ಓ ನೀರಿನ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಡಲುಪ್ಪಿನ ಮಿಶ್ರಣ ಬೆರೆಸಬೇಕು, ಉಷ್ಣತೆಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡಬೇಕು. ಅಡುಗೆ ಉಪ್ಪು ಇಲ್ಲಿ ನಡೆಯದು, ಕಡಲಿನ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅದರಲ್ಲಿಲ್ಲ.

ಹವಳದ ವಿಷಯದಲ್ಲಿ ಇನ್ನೊಂದು ತೊಡಕಿತ್ತು: ತುಂಡಿನಿಂದ ಬೆಳೆದ ಹವಳಗಳೆಲ್ಲ ಒಂದೇ ತಾಯಿಯ ಪಡಿಯಚ್ಚು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲಬಹುದು. ಆದ್ದರಿಂದ ತೊಟ್ಟಿಯಲ್ಲಿ ಹವಳ ಮೊಟ್ಟೆಯಿಡುವಂತೆ ಮಾಡುವುದು ಮುಂದಿನ ಗುರಿಯಾಯಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಅಕ್ವೇರಿಯಂ ತಂಡ ಹಗಲಿನ ಉದ್ದ, ನೀರಿನ ಉಷ್ಣತೆಯ ಏರಿಳಿತ, ಬೆಳದಿಂಗಳ ವೃದ್ಧಿಕ್ಷಯಗಳನ್ನೆಲ್ಲ ದೀಪ ಮತ್ತು ಕಂಪ್ಯೂಟರಿನಿಂದ ಅನುಕರಿಸಿ 2013ರಲ್ಲಿ ಇದನ್ನು ಸಾಧಿಸಿತು. ಅದೇ ವಿಧಾನದಿಂದ 2019ರ ಆಗಸ್ಟಿನಲ್ಲಿ ಫ್ಲಾರಿಡಾ ಅಕ್ವೇರಿಯಂನಲ್ಲಿ ಅಟ್ಲಾಂಟಿಕ್‌ನ ಕಂಬ ಹವಳ ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಮೊಟ್ಟೆಯಿಟ್ಟಿತು. ಫ್ಲಾರಿಡಾದ ಕಡಲಿನಲ್ಲಿ ರೋಗಕ್ಕೆ ತುತ್ತಾಗಿ ಬಹುಮಟ್ಟಿಗೆ ಅಳಿದುಹೋಗಿರುವ ಹವಳ ಅದು. ಅದರ ಮರಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ಮತ್ತೆ ಕಡಲಿನಲ್ಲಿ ನೆಡುವುದೇ ಈ ಕೆಲಸದ ಗುರಿ.