ಕಳ್ಳ ಸಂದೇಶವೂ ನಮ್ಮ ಪರೀಕ್ಷೆಯೂ

(ಮಾಲೇಗಾಂವ್‌ನಲ್ಲಿ ಹೋಟೆಲ್ ಮತ್ತು ಮಗ್ಗದ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಹೆಚ್ಚು ಓದಿದವನಲ್ಲ. ಏಳನೇ ಕ್ಲಾಸು ಮುಗಿಸಿ ಊರು ಬಿಟ್ಟು, ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುತ್ತ ಬೆಳೆದವನು. ಆದುದರಿಂದ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಈಗ ನಮ್ಮಲ್ಲಿ ಅನೇಕರ ಸಂಬಳ ನೇರವಾಗಿ ಬ್ಯಾಂಕಿಗೆ ಬೀಳುತ್ತದೆ. ಅದರ ಬೀಗದ ಕೈ ನಮ್ಮ ಮೊಬೈಲಿನಲ್ಲಿದೆ. ಕಳ್ಳನಿಗೂ ಇದು ಗೊತ್ತು. “ಇಂದು ರಾತ್ರಿ 9-30ಕ್ಕೆ ನಿಮ್ಮ ಕರೆಂಟು ಕಡಿಯುತ್ತೇವೆ, ಕೂಡಲೇ ಈ ನಂಬರಿಗೆ ಫೋನು ಮಾಡಿ” ಎಂಬ ಸುಳ್ಳು ಸಂದೇಶ 2022ರಲ್ಲಿ ಮಹಾರಾಷ್ಟ್ರದ ಎಷ್ಟೋ ಮನೆಗಳಿಗೆ ಬಂತು. ಕರೆಂಟಿನ ಮಗ್ಗವನ್ನೇ ನಂಬಿದ ಈ ಮಾಲೇಗಾಂವ್‌ನಲ್ಲಿ ಅಂಥ ಮಾತು ಕೇಳಿದರೆ ಯಾರ ಎದೆ ಝಲ್ಲೆನ್ನದು? ಹೆದರಿದವನು ಯೋಚಿಸುವುದಿಲ್ಲ. ಕಳ್ಳನಿಗೆ ಬೇಕಾದದ್ದೂ ಅಷ್ಟೇ.

ಇದಕ್ಕೆ ಉಪಾಯವೆಂದು ಕೆಲವು ಕಂಪೆನಿಗಳು ತಾವೇ ಒಂದು ಸುಳ್ಳು ಸಂದೇಶ ತಯಾರಿಸಿ ನೌಕರರಿಗೆ ಕಳುಹಿಸುತ್ತವೆ. ಯಾರು ಲಿಂಕು ಒತ್ತುತ್ತಾರೆ, ಯಾರು ಮೇಲಿನವರಿಗೆ ತಿಳಿಸುತ್ತಾರೆ ಎಂದು ನೋಡುತ್ತವೆ. ಬೆಂಕಿ ಬೀಳುವ ಮೊದಲೇ ನೀರೆರಚುವ ಅಭ್ಯಾಸ ಮಾಡಿದಂತೆ ಇದು. ಅಭ್ಯಾಸ ಒಳ್ಳೆಯದೇ. ಆದರೆ ಅದನ್ನು ಮಾಡುವ ರೀತಿ ಕೆಟ್ಟರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಹಿಂದೆ ಇದ್ದ ಒಂದು ಹೋಟೆಲಿನಲ್ಲಿ ಇಂಥ ಪರೀಕ್ಷೆ ನಡೆಯಿತು. ಲಿಂಕು ಒತ್ತಿದವರ ಹೆಸರು ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದರು. ಮೊದಲ ಹೆಸರು ನಮ್ಮ ವಡೆ ಮಾಸ್ತರದು. ಚಿಕ್ಕ ಹುಡುಗರೆಲ್ಲ ನಕ್ಕರು. ಹದಿನೈದು ದಿನ ಕಳೆಯುವುದರೊಳಗೆ ನಿಜವಾದ ಕಳ್ಳನ ಸಂದೇಶ ಬಂತು. ಮಾಸ್ತರು ಮತ್ತೆ ಒತ್ತಿದರು. ಒತ್ತಿದ ಕೂಡಲೇ ಮೋಸ ಹೋದೆನೆಂದು ಅವರಿಗೆ ತಿಳಿಯಿತು. ಆದರೂ ಯಾರೊಡನೆಯೂ ಬಾಯಿ ಬಿಡಲಿಲ್ಲ. ಮರುದಿನ ಸಂಜೆ ನನ್ನನ್ನು ಮೂಲೆಗೆ ಕರೆದು, “ಮಾರಾಯ, ಮತ್ತೆ ನನ್ನ ಹೆಸರು ಬಾಗಿಲಿಗೆ ಬೀಳುತ್ತದೆಂದು ಸುಮ್ಮನಿದ್ದೆ” ಎಂದರು. ಊರಿಗೆ ಕಳುಹಿಸಲು ಕೂಡಿಟ್ಟ ದುಡ್ಡು ಅಷ್ಟರಲ್ಲಿ ಹೋಗಿಯೇ ಬಿಟ್ಟಿತ್ತು.

ಸೋದರರೇ, ಆ ದುಡ್ಡು ಕದ್ದವನು ಕಳ್ಳ. ಆದರೆ ಮಾಸ್ತರ ಬಾಯಿ ಕಟ್ಟಿದ್ದು ಬಾಗಿಲ ಮೇಲಿನ ಆ ಚೀಟಿ.

ಮೋಸವಾದೊಡನೆ 1930 ನಂಬರಿಗೆ ಫೋನು ಮಾಡಿದರೆ ಸುದ್ದಿ ಬ್ಯಾಂಕುಗಳಿಗೆ ಮುಟ್ಟುತ್ತದೆ. ಕಳ್ಳ ಇನ್ನೂ ಎತ್ತಿರದ ಹಣವನ್ನು ತಡೆಹಿಡಿಯಲು ಸಾಧ್ಯವಿದೆ. ಗಳಿಗೆ ಕಳೆದಂತೆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತದೆ. ರಿಸರ್ವ್ ಬ್ಯಾಂಕು 2017ರಲ್ಲಿ ಹೊರಡಿಸಿದ ಸುತ್ತೋಲೆಯೂ ಇದನ್ನೇ ಹೇಳಿತ್ತು: ಗಿರಾಕಿಯ ಅಜಾಗ್ರತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ನೂಲು ಕಡಿದಾಗ ಮಗ್ಗ ನಿಲ್ಲಿಸಿ ಗಂಟು ಹಾಕುವವನನ್ನು ಯಾರೂ ಬೈಯುವುದಿಲ್ಲ. ಮುಚ್ಚಿಟ್ಟರೆ ಬಟ್ಟೆಯೇ ಕೆಡುತ್ತದೆ.

ದೂರದ ಇಂಗ್ಲೆಂಡಿನಲ್ಲೂ ಇಂಥದೇ ತಪ್ಪು ನಡೆಯಿತು. 2021ರಲ್ಲಿ ವೆಸ್ಟ್ ಮಿಡ್‌ಲ್ಯಾಂಡ್ಸ್ ಟ್ರೇನ್ಸ್ ಎಂಬ ರೈಲು ಕಂಪೆನಿ ಸುಮಾರು 2,500 ನೌಕರರಿಗೆ ಇ-ಮೇಲ್ ಕಳುಹಿಸಿತು. ಕೋವಿಡ್ ಕಾಲದಲ್ಲಿ ದುಡಿದುದಕ್ಕೆ ಬೋನಸ್ ಕೊಡುತ್ತೇವೆಂದು ಅದರಲ್ಲಿತ್ತು. ಆಸೆಯಿಂದ ಒತ್ತಿದವರಿಗೆ ಸಿಕ್ಕಿದ್ದು “ಇದು ಪರೀಕ್ಷೆ” ಎಂಬ ಉತ್ತರ. ಅಲ್ಲಿನ ಟಿ.ಎಸ್.ಎಸ್.ಎ. ಕಾರ್ಮಿಕ ಸಂಘ ಅದನ್ನು ಕಟುವಾಗಿ ಖಂಡಿಸಿತು. ಪ್ರಾಣದ ಹಂಗು ತೊರೆದು ದುಡಿದವನ ಬೆವರನ್ನು ಗಾಳಕ್ಕೆ ಸಿಕ್ಕಿಸುವುದು ಶಿಕ್ಷಣವಲ್ಲ.

ಆದಕಾರಣ ನಮ್ಮಲ್ಲಿ ಪರೀಕ್ಷೆ ನಡೆಯಲಿ, ಆದರೆ ನಮ್ಮ ಕರಾರಿನ ಮೇಲೆ ನಡೆಯಲಿ. ಈ ತಿಂಗಳು ಪರೀಕ್ಷೆಯ ಸಂದೇಶ ಬರಬಹುದೆಂದು ಮೊದಲೇ ಎಲ್ಲರಿಗೂ ಸಾರಬೇಕು. ಬೋನಸ್ಸು, ಭವಿಷ್ಯನಿಧಿ, ಕೆಲಸದಿಂದ ತೆಗೆಯುವುದು, ಊರಿನ ಸಾವುನೋವು ಇವು ಯಾವುವೂ ಗಾಳವಾಗಬಾರದು. ಬ್ಯಾಂಕಿನ ಅಥವಾ ಸರ್ಕಾರದ ಹೆಸರು ಬಳಸಬಾರದು. ಲಿಂಕು ಒತ್ತಿದವನಿಂದ ಯಾವ ಗುಟ್ಟಿನ ಅಂಕಿಯನ್ನೂ ಕೇಳಬಾರದು. ಎಷ್ಟು ಜನ ಒತ್ತಿದರೆಂಬ ಲೆಕ್ಕ ಸಾಕು. ಹೆಸರು ಬೇಡ, ಸಂಬಳ ಕಡಿತ ಬೇಡ. ಒತ್ತಿದವನಿಗೆ ಅವನ ಭಾಷೆಯಲ್ಲಿ, ಪಕ್ಕದಲ್ಲಿ ಕೂತು ತಿಳಿಸಿ ಹೇಳಬೇಕು. ಎಲ್ಲಕ್ಕಿಂತ ಮೊದಲು, ಎಷ್ಟು ಜನ ಬೇಗ ಬಂದು ತಿಳಿಸಿದರೆಂದು ಎಣಿಸಬೇಕು. ನಿಜವಾದ ಪಾಸು ಅದೇ.

ತಾವೂ ಮೂರು ಮಾತು ನೆನಪಿಡಿ. ದುಡ್ಡು ಪಡೆಯಲು ಯು.ಪಿ.ಐ. ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಓ.ಟಿ.ಪಿ.ಯನ್ನು ಸೇಟು ಕೇಳಿದರೂ, ಸಾಹೇಬ ಕೇಳಿದರೂ ಹೇಳಬೇಡಿ. ಸಂದೇಶದಲ್ಲಿ ಬಂದ ಆ್ಯಪನ್ನು ಇಳಿಸಬೇಡಿ.

ಇಷ್ಟಾದರೂ ಕೈ ತಪ್ಪಿ ಒತ್ತಿದರೆ ನಾಚಬೇಡಿ. ಪಾಳಿ ಮುಗಿಯಲೆಂದು ಕಾಯಬೇಡಿ. ತಟ್ಟೆ ಕೆಳಗಿಟ್ಟು, ಮಗ್ಗ ನಿಲ್ಲಿಸಿ, 1930ಕ್ಕೂ ಬ್ಯಾಂಕಿಗೂ ಫೋನು ಮಾಡಿ. ಪಕ್ಕದವನು ಒತ್ತಿದರೆ ನಗಬೇಡಿ, ಅವನಿಗೆ ನಂಬರು ಹಚ್ಚಿಕೊಡಿ.